ಕಪ್ಪು ಬಳಿದ ಹಾಳೆಯಲ್ಲಿ ಅವ್ವ ಇದ್ದಳು

ಮಂಡ್ಯ ಕಡೆಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಶುಕ್ರವಾರದ ಕೊನೆಯ ಪೀರಿಯಡ್ ಚಿತ್ರಕ್ಕೆ. ಏನು ಬರೀಬೇಕು ಅಂತ ನಾನು ಹೇಳಲ್ಲ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಎರಡನೇ ತರಗತಿ ಹುಡುಗಿಯೊಬ್ಬಳು ಇಡೀ ಹಾಳೆಗೆ ಕಪ್ಪು ಬಳಿದಿದ್ದಳು. ಕಪ್ಪು ಅಂದರೆ ದುಃಖ ಅಂತ ಎಲ್ಲೋ ಓದಿದ್ದೆ. ಹೆದರಿ ಅವಳ ತಾಯಿಯನ್ನು ಕರೆಸಿದೆ. ಗದ್ದೆ ಕೆಲಸ ಬಿಟ್ಟು ಓಡಿ ಬಂದ ಆಕೆ ಅತ್ತುಬಿಟ್ಟರು. ಮಗುವನ್ನು ಕೇಳಿದ್ದು ಆಮೇಲೆ. "ಕರೆಂಟ್ ಹೊಂಟೋಯ್ತು ಮಿಸ್. ಅವ್ವ ಇಲ್ಲೇ ಅವ್ಳೆ, ಕಾಣ್ಸಲ್ಲ ಅಷ್ಟೇ" ಅಂತ ಹಾಳೆಯ ಮೂಲೆಗೆ ಬೆರಳಿಟ್ಟು ತೋರಿಸಿದಳು. ಮೊದಲು ಅವಳನ್ನೇ ಕೇಳಬೇಕಿತ್ತು, ಅಲ್ವಾ? ಆ ತಾಯಿಯ ಮುಖ ಈಗಲೂ ಕಣ್ಣಮುಂದೆ ಬರುತ್ತದೆ.

ಅವತ್ತಿನಿಂದ ಬಣ್ಣ ನೋಡಿ ಅರ್ಥ ಹೇಳುವುದನ್ನು ಬಿಟ್ಟೆ. ಎಷ್ಟೋ ಸಲ ಡಬ್ಬಿಯಲ್ಲಿ ಉಳಿದಿರುವುದೇ ಕಪ್ಪು ಕ್ರೆಯಾನ್. ವಯಸ್ಸನ್ನೂ ನೋಡಬೇಕು. 3-4 ವರ್ಷದ ಮಗು ತಲೆಯಿಂದಲೇ ಕೈಕಾಲು ಬರೆಯುತ್ತದೆ. 6 ವರ್ಷದ್ದು ಮನೆ ಬರೆದರೆ ಗೋಡೆಯ ಆಚೆಯ ಒಲೆಯೂ ಕಾಣುತ್ತಿರುತ್ತದೆ. ಅದೆಲ್ಲ ಬೆಳವಣಿಗೆ, ಗಾಬರಿ ಬೇಡ.

ಈಗ ಪಕ್ಕದಲ್ಲಿ ಚಾಪೆ ಮೇಲೆ ಕೂರುತ್ತೇನೆ. "ಇದೇನು?" ಅಂತ ಕೇಳಿದರೆ "ಮನೆ", "ಮರ" ಅಂತ ಒಂದೇ ಮಾತಲ್ಲಿ ಮುಗಿದುಹೋಗುತ್ತದೆ. ಅದಕ್ಕೇ "ಇದರ ಕತೆ ಹೇಳ್ತೀಯಾ?" ಅಂತೀನಿ. "ಚೆನ್ನಾಗಿದೆ" ಅಂತ ಸುಮ್ನೆ ಹೊಗಳುವುದೂ ಇಲ್ಲ. ಹೊಗಳಿದರೆ ಮುಂದಿನ ವಾರ ಅದನ್ನೇ ಬರೆದು ಕೊಡುತ್ತಾರೆ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದು, ತಾರೀಖು ಹಾಕಿ ಫೈಲಿಗೆ ಸೇರಿಸುತ್ತೇನೆ. ನಾಲ್ಕೈದು ವಾರದ ಹಾಳೆಗಳನ್ನು ಸಾಲಾಗಿ ಇಟ್ಟು, ಏನಾದರೂ ಬದಲಾಗಿದೆಯಾ ಅಂತ ನೋಡುತ್ತೇನೆ. ಒಂದೇ ಚಿತ್ರ ಸಾಲದು.

ಹೊಡೆತದ ಮಾತು, ಯಾರೋ ಕೆಟ್ಟದಾಗಿ ಮೈ ಮುಟ್ಟಿದ ಮಾತು ಬಂದರೆ ಮಾತ್ರ ಕಾಯಬಾರದು, ಕೆದಕಲೂಬಾರದು. ಹೆಡ್‌ಮಾಸ್ಟರಿಗೆ ತಿಳಿಸಿ 1098ಕ್ಕೆ ಫೋನ್ ಮಾಡಬೇಕು. ಹಗಲು ರಾತ್ರಿ ಸಿಗುವ ಉಚಿತ ಮಕ್ಕಳ ಸಹಾಯವಾಣಿ ಅದು.

ಒಬ್ಬ ಹುಡುಗ ಪ್ರತಿ ವಾರ ಮನೆಮಂದಿಯನ್ನೆಲ್ಲ ಬರೆಯುತ್ತಿದ್ದ. ಒಂದು ಶುಕ್ರವಾರ ಮನೆಯೂ ಇಲ್ಲ, ಜನರೂ ಇಲ್ಲ. ಹಾಳೆ ತುಂಬ ಒಂದೇ ಮೇಕೆ. ಕೊರಳಿನ ಹಗ್ಗವನ್ನು ತಿದ್ದಿ ತಿದ್ದಿ ಅಲ್ಲಿ ಕಾಗದವೇ ಹರಿದಿತ್ತು. ಪಕ್ಕ ಕೂತೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಸಂತೇಲಿ ಮಾರ್ಬುಟ್ರು ಮಿಸ್. ಹಗ್ಗ ಕಿತ್ಕೊಂಡು ನಮ್ಮನೆಗೇ ಬತ್ತದೆ ಇದು" ಅಂದ. ಒಂದು ವಾರದಿಂದ ಬಿಸಿಯೂಟದ ತಟ್ಟೆಯಲ್ಲಿ ಅನ್ನ ಹಾಗೇ ಬಿಡುತ್ತಿದ್ದ. ಹೊಟ್ಟೆನೋವಿರಬೇಕು ಅಂದುಕೊಂಡಿದ್ದೆ.

ಬೇರೆ ಮೇಕೆ ತರ್ತಾರೆ ಬಿಡು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದರ ಹೆಸರು ಕೇಳಿದೆ. ಗಂಟೆ ಹೊಡೆಯುವವರೆಗೂ ಅದರ ವಿಷಯವನ್ನೇ ಹೇಳಿದ. ಆ ಹಾಳೆ ನನ್ನ ಫೈಲಿನಲ್ಲಿಲ್ಲ. ಮನೆಗೆ ತಗೊಂಡು ಹೋಗ್ಲಾ ಅಂದ, ಮಡಿಸಿ ಕೊಟ್ಟೆ.