ಪಿವಿಸಿ ಪೈಪಿನಲ್ಲಿ ಬೋಚಿಯಾ ರ‍್ಯಾಂಪ್: ನಮ್ಮ ಅನುಭವ

ಬೋಚಿಯಾ ಎಂದರೆ ತೀವ್ರ ದೈಹಿಕ ಅಂಗವೈಕಲ್ಯ ಇರುವವರು ಕೂತು, ಬಿಳಿ ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಕಳಿಸುವ ಆಟ. ಅದರ ಬಿ.ಸಿ. 3 ವರ್ಗದವರು ಚೆಂಡನ್ನು ಕೈಯಿಂದ ಎಸೆಯಲಾರರು, ಇಳಿಜಾರು ದೋಣಿಯಂಥ ರ‍್ಯಾಂಪಿನಿಂದ ಉರುಳಿಸುತ್ತಾರೆ. ಪಕ್ಕದ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿ ಕೂತು, ಆಟಗಾರರು ಹೇಳಿದಷ್ಟೇ ರ‍್ಯಾಂಪನ್ನು ತಿರುಗಿಸಬೇಕು. ಆದ್ದರಿಂದ ರ‍್ಯಾಂಪ್ ಚೆಂಡನ್ನು ಪ್ರತಿ ಸಲವೂ ಒಂದೇ ರೀತಿ ಓಡಿಸಬೇಕು. ಕೊಡಗಿನ ಕುಶಾಲನಗರ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಲ್ಲೇ ಇದು ಸಾಧ್ಯ.

ಚೆಂಡಿನ ಸುತ್ತಳತೆ 270 ಮಿ.ಮೀ., ಅಂದರೆ ಅಡ್ಡಳತೆ ಸುಮಾರು 86. ಅದಕ್ಕೆ 110 ಮಿ.ಮೀ. ಪೈಪು ಬೇಕು, 90ರದ್ದರಲ್ಲಿ ಚೆಂಡು ಕೂರುವುದಿಲ್ಲ. ಆರು ಅಡಿ ಸಾಕು. ರ‍್ಯಾಂಪನ್ನು ಮಗ್ಗುಲಾಗಿ ಮಲಗಿಸಿದಾಗ ಅದು 2.5 ಮೀಟರ್ ಉದ್ದ, 1 ಮೀಟರ್ ಅಗಲದ ಆಯತದೊಳಗೆ ಇರಬೇಕೆಂಬ ನಿಯಮ ನೆನಪಿರಲಿ.

ಕಷ್ಟದ ಕೆಲಸವೆಂದರೆ ಕೆಳತುದಿಯ ಬಾಗು. ಬಾಗಿಲ್ಲದಿದ್ದರೆ ಚೆಂಡು ನೆಲಕ್ಕೆ ಬಡಿದು ಪುಟಿಯುತ್ತದೆ, ದಿಕ್ಕು ಹೋಗುತ್ತದೆ. ಪೈಪನ್ನು ಮೊದಲೇ ಸೀಳಿ ಬಗ್ಗಿಸಿದರೆ ಅಂಚುಗಳು ಅಲೆಅಲೆಯಾಗಿ ಸುಕ್ಕಾಗುತ್ತವೆ. ಹಾಗಾಗಿ ನಾವು ಇಡೀ ಪೈಪನ್ನೇ ಬಗ್ಗಿಸಿ ಆಮೇಲೆ ಸೀಳುತ್ತೇವೆ. ಒಂದು ತುದಿಗೆ ಮರದ ಬಿರಡೆ ಬಡಿದು, ಬಾಣಲೆಯಲ್ಲಿ ಕಾಯಿಸಿದ ಮರಳನ್ನು ಒಂದೂವರೆ ಅಡಿಯಷ್ಟು ತುಂಬಿ. ಪೈಪು ಮೆತ್ತಗಾದ ಕೂಡಲೇ ಪ್ಲೈವುಡ್ ಅಚ್ಚಿಗೆ ಒತ್ತಿ ಹಿಡಿದು, ಹೊರಗಿನಿಂದ ತಣ್ಣೀರು ಸುರಿಯಿರಿ. ಮರಳು ಪೂರ್ತಿ ಒಣಗಿರಲೇಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಮೂಟೆಯೊಳಗಿನ ಮರಳೂ ತೇವ ಹಿಡಿದಿರುತ್ತದೆ, ಹಬೆ ಎದ್ದು ಕೈ ಸುಡುತ್ತದೆ. ದಪ್ಪ ಕೈಗವಸು ಹಾಕಿ, ಬಯಲಲ್ಲೇ ಮಾಡಿ; ಕರಕಲಾದ ಪಿವಿಸಿಯ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಸೀಳುವಾಗ ಬಾಗಿನ ಹೊರಗೋಡೆಯೇ ಚೆಂಡು ಓಡುವ ತಳವಾಗಿ ಉಳಿಯುವಂತೆ ಎರಡೂ ಪಕ್ಕ ಗೆರೆ ಎಳೆಯಿರಿ. ಸೀಳಿದ ಪೈಪು ಒಳಕ್ಕೆ ಮುದುಡಿಕೊಳ್ಳುತ್ತದೆ. ಅಡಿಗೊಂದರಂತೆ ಅರ್ಧಚಂದ್ರಾಕಾರದ ಪ್ಲೈವುಡ್ ತೊಟ್ಟಿಲು ಇಟ್ಟು ಸ್ಕ್ರೂ ಹಾಕಿದರೆ ಅಗಲ ನಿಲ್ಲುತ್ತದೆ. ಸ್ಕ್ರೂವಿನ ತಲೆ ತಳದಲ್ಲಿ ಬೇಡ, ಅಂಚಿನ ಹತ್ತಿರ ಇರಲಿ. ಎತ್ತರ ಹೆಚ್ಚಿಸಲು ಮೇಲೆ ಇನ್ನೊಂದು ತುಂಡು ಸೇರಿಸುವುದಾದರೆ, ಎರಡೂ ಸೇರುವ ಜಾಗದಲ್ಲಿ ಕೆಳಗಿನ ತುಂಡಿನ ಅಂಚು ಕೂದಲೆಳೆಯಷ್ಟು ತಗ್ಗಿರಬೇಕು. ಉಬ್ಬಿದ್ದರೆ ಚೆಂಡು ಅಲ್ಲೇ ಹಾರುತ್ತದೆ. ಉಗುರು ಓಡಿಸಿ ನೋಡಿ, ತಡೆದಲ್ಲಿ 220 ನಂಬರ್ ಮರಳು ಕಾಗದ ತಿಕ್ಕಿ.

ಸ್ಟ್ಯಾಂಡಿಗೆ ತೋಟದ ಸಿಲ್ವರ್ ಓಕ್ ಅಗ್ಗ, ಆದರೆ ಹಸಿ ಮರ ತಿರುಚಿಕೊಳ್ಳುತ್ತದೆ. ದುಡ್ಡು ಉಳಿಸಬಾರದ ಜಾಗ ಇದು: ಅಲ್ಯೂಮಿನಿಯಂ ಚೌಕ ಪೈಪೇ ಹಾಕಿ. ಬುಡದಲ್ಲಿ 10 ಮಿ.ಮೀ. ಬೋಲ್ಟಿನ ಮೇಲೆ ಎರಡು ವಾಷರ್ ಇಟ್ಟರೆ ಎಡಬಲ ಸಲೀಸಾಗಿ ತಿರುಗುತ್ತದೆ. ಚೆಂಡು ಬಿಡುವ ಎತ್ತರಕ್ಕೆ ತಕ್ಕಂತೆ ದೂರ ಬದಲಾಗುವುದರಿಂದ ರ‍್ಯಾಂಪಿನ ಅಂಚಿನಲ್ಲಿ 5 ಸೆಂ.ಮೀ.ಗೊಂದು ಗುರುತು ಹಾಕಿ.

ತಲೆಗೆ ಕಟ್ಟಿದ ಕಡ್ಡಿಯಿಂದ ಚೆಂಡು ಬಿಡುವವರಿಗೆ ಬೈಕಿನ ಹೆಲ್ಮೆಟ್ ಬೇಡವೇ ಬೇಡ, ಕತ್ತು ನೋಯುತ್ತದೆ. ಸೈಕಲ್ ಹೆಲ್ಮೆಟ್ಟಿಗೆ ರಬ್ಬರ್ ತುದಿಯ ಅಲ್ಯೂಮಿನಿಯಂ ಕಡ್ಡಿ ಬಿಗಿದರೆ ಹಗುರ.

ಅಭ್ಯಾಸಕ್ಕೆ ಕಾಫಿ ಒಣಗಿಸುವ ಕಣ ಚೆನ್ನಾಗಿ ಕಂಡರೂ ನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಚೆಂಡು ಒಂದೇ ಕಡೆ ಸರಿಯುತ್ತದೆ. ಶಾಲೆಯ ಹಾಲ್ ಮೇಲು. ಒಳಗೆ ಹೋಗುವ ಮುಂಚೆ ವೀಲ್‌ಚೇರಿನ ಚಕ್ರ ಒರೆಸಿ. ಟೈಲ್ಸ್ ಮೇಲೆ ಕೆಸರು ಒಣಗಿದರೆ ರ‍್ಯಾಂಪಿಗೆ ಹಾಕಿದ ಗುರುತುಗಳೆಲ್ಲ ಲೆಕ್ಕ ತಪ್ಪುತ್ತವೆ.