ಕತ್ತಲಲ್ಲಿಟ್ಟ ಪ್ಲೇಟ್ ಮೊದಲು ನೋಡಿ

ಬೆಳಕು ಬಿದ್ದಾಗ ಮಾತ್ರ ಬ್ಯಾಕ್ಟೀರಿಯಾ ಕೊಲ್ಲುವ ಸಂಯುಕ್ತಗಳ ಮೇಲೆ ನನ್ನ ಕೆಲಸ. ಅದಕ್ಕೆ ಬೇಕಾದ ರುಥೇನಿಯಂ ಎಂಬ ಲೋಹದ ಸಂಯುಕ್ತ ತಯಾರಿಸುವುದು ಅಂಥ ಕಷ್ಟವೇನಲ್ಲ. ರುಥೇನಿಯಂ ಕ್ಲೋರೈಡ್‌ಗೆ ಬೈಪಿರಿಡಿನ್ ಎಂಬ ಸಾವಯವ ರಾಸಾಯನಿಕ ಹಾಕಿ ರಿಫ್ಲಕ್ಸ್‌ಗೆ ಇಟ್ಟು (ಅಂದರೆ ಆವಿಯನ್ನು ತಣಿಸಿ ಮರಳಿಸುತ್ತ ಕುದಿಸಿ), ಶುದ್ಧ ಮಾಡಿಕೊಂಡರೆ ಕಿತ್ತಳೆಗೆಂಪು ಪುಡಿ ಕೈಗೆ ಬರುತ್ತದೆ. ಅದರ ದ್ರಾವಣಕ್ಕೆ ನೀಲಿ ಬೆಳಕು ಬಿಟ್ಟರೆ ಕೆಂಡದ ಹಾಗೆ ಹೊಳೆಯುತ್ತದೆ. ಆದರೆ ಬ್ಯಾಕ್ಟೀರಿಯಾ ಸತ್ತದ್ದು ಸಂಯುಕ್ತ, ಬೆಳಕು ಎರಡೂ ಸೇರಿದ್ದರಿಂದಲೇ ಎಂದು ತೋರಿಸಬೇಕಲ್ಲ, ನನ್ನ ದಿನಗಳೆಲ್ಲ ಹೋಗುವುದು ಅದಕ್ಕೇ.

ಬೆಳಕು ಹೀರಿದ ರುಥೇನಿಯಂ ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಹುಟ್ಟುವ ಸಿಂಗ್ಲೆಟ್ ಆಕ್ಸಿಜನ್, ಅಂದರೆ ಶಕ್ತಿ ತುಂಬಿದ ಆಮ್ಲಜನಕ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಆದರೆ ನೀರಿನಲ್ಲಿ ಅದರ ಆಯುಸ್ಸು ಸುಮಾರು 3.5 ಮೈಕ್ರೋಸೆಕೆಂಡ್ ಮಾತ್ರ. ಹಾಗಾಗಿ ಸಂಯುಕ್ತ ಬ್ಯಾಕ್ಟೀರಿಯಾಗೆ ಅಂಟಿಕೊಂಡೇ ಇರಬೇಕು. ಬ್ಯಾಕ್ಟೀರಿಯಾದ ಮೇಲ್ಮೈ ಋಣ ಆವೇಶದ್ದು, ಹಾಗಾಗಿ ಸಂಯುಕ್ತದ ಧನ ಆವೇಶ ಇಲ್ಲಿ ನೆರವಿಗೆ ಬರುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ಎಲ್‌ಬಿ ದ್ರವ ಹಳದಿ. ಅದು ನೀಲಿ ಬೆಳಕನ್ನು ತಾನೇ ಒಂದಿಷ್ಟು ನುಂಗುತ್ತದೆ. ಅದಕ್ಕೇ ನಾನು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಬ್ಯಾಕ್ಟೀರಿಯಾ ಬೇರ್ಪಡಿಸಿ, ತೊಳೆದು, ಬಫರ್‌ಗೆ (ಆಮ್ಲೀಯತೆ ಬದಲಾಗದ ಲವಣದ ದ್ರಾವಣಕ್ಕೆ) ಹಾಕಿಕೊಳ್ಳುತ್ತೇನೆ. ಆಮೇಲೆ ನಾಲ್ಕು ಗುಂಪು: ಎರಡೂ ಇಲ್ಲದ್ದು, ಬರೀ ಬೆಳಕು, ಬರೀ ಸಂಯುಕ್ತ, ಎರಡೂ ಇರುವುದು. ಬರೀ ಸಂಯುಕ್ತದ ಪ್ಲೇಟನ್ನು (ಸಣ್ಣ ಗುಳಿಗಳಿರುವ ತಟ್ಟೆಯನ್ನು) ಬೆಳಕು ತಾಗದಂತೆ ಫಾಯಿಲ್‌ನಲ್ಲಿ ಸುತ್ತಿ ಅದೇ ಮೇಜಿನ ಮೇಲೆ ಇಡುತ್ತೇನೆ. ಅಲ್ಲೇ ಜಾಸ್ತಿ ಸತ್ತಿದ್ದರೆ ನನ್ನ ಹತ್ತಿರ ಇರುವುದು ಸುಮ್ನೆ ಒಂದು ವಿಷ, ಬೆಳಕಿಗೆ ಅಲ್ಲಿ ಕೆಲಸವೇ ಇಲ್ಲ.

ಎಲ್‌ಇಡಿ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ನಂಬಬೇಡಿ. ಬ್ಯಾಕ್ಟೀರಿಯಾ ಇರುವ ಎತ್ತರದಲ್ಲೇ ಪವರ್ ಮೀಟರ್ ಹಿಡಿದು ಅಳೆಯಿರಿ. ಚದರ ಸೆಂಟಿಮೀಟರಿಗೆ 20 ಮಿಲಿವ್ಯಾಟ್ ಬಿದ್ದರೆ, 10 ನಿಮಿಷಕ್ಕೆ 12 ಜೂಲ್ ಆಗುತ್ತದೆ. ಪ್ಲೇಟಿನ ಮೂಲೆಗಳಿಗೆ ಬೆಳಕು ಕಮ್ಮಿ ಬೀಳುವುದರಿಂದ ಅವನ್ನು ಖಾಲಿ ಬಿಡುತ್ತೇನೆ. ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇರಲಿ. ಇಲ್ಲದಿದ್ದರೆ ಬಿಸಿಗೆ ಸತ್ತವನ್ನೂ ಬೆಳಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ.

‘ಶೇಕಡಾ 99 ಸತ್ತವು’ ಎಂದರೆ ಕೇಳಲು ಚೆಂದ, ಅಲ್ವಾ? ಮಿಲಿಲೀಟರಿಗೆ ಹತ್ತು ಕೋಟಿ ಇದ್ದಲ್ಲಿ ಇನ್ನೂ ಹತ್ತು ಲಕ್ಷ ಉಳಿದಿರುತ್ತವೆ! ಅದಕ್ಕೇ ನಾವು ಲಾಗ್ ಲೆಕ್ಕದಲ್ಲಿ ಮಾತಾಡುತ್ತೇವೆ: ಒಂದು ಲಾಗ್ ಎಂದರೆ ಹತ್ತು ಪಟ್ಟು. ಮೂರು ಲಾಗ್ ಇಳಿದರೆ ಸಾವಿರಕ್ಕೆ ಒಂದು ಉಳಿದಂತೆ.

ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೊಕಾಕಸ್ ಬೇಗ ಬಗ್ಗುತ್ತದೆ. ಇ. ಕೋಲಿಗೆ ಹೊರಗಡೆ ಇನ್ನೊಂದು ಪೊರೆ ಇದೆ, ಅದು ಹಟಮಾರಿ. ಬಫರ್‌ಗೆ ಸೀರಮ್ (ರಕ್ತದ ಪ್ರೊಟೀನ್ ತುಂಬಿದ ದ್ರವ) ಬೆರೆಸಿ ನೋಡಿದರೆ ಪರಿಣಾಮ ಇನ್ನೂ ಇಳಿಯುತ್ತದೆ, ಏಕೆಂದರೆ ಸಂಯುಕ್ತ ಪ್ರೊಟೀನಿಗೂ ಅಂಟಿಕೊಳ್ಳುತ್ತದೆ. ಗಾಯದಲ್ಲಿ ಇರುವುದು ಬಫರ್ ಅಲ್ಲವಲ್ಲ. ಹಾಗಾಗಿ ಸೀರಮ್ ಪರೀಕ್ಷೆ ಮಾಡದ ಪೇಪರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ನೀಲಿ ಬೆಳಕು ಚರ್ಮದಲ್ಲಿ ಆಳಕ್ಕೆ ಇಳಿಯುವುದಿಲ್ಲ. ಮೇಲ್ಮೈ ಗಾಯಕ್ಕೆ ಸಾಕು, ಒಳಗೆ ಕೀವು ಕಟ್ಟಿದ ಬಾವಿಗೆ ಸಾಲದು. ಅದಕ್ಕೇ ಈಗ 670 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು ಹೀರುವ ಜಿಂಕ್ ಥಾಲೊಸಯನಿನ್ ಎಂಬ ಇನ್ನೊಂದು ಸಂಯುಕ್ತದ ಕಡೆ ಹೊರಳಿದ್ದೇನೆ. ಅದರ ತಕರಾರು ಬೇರೆ: ನೀರಿನಲ್ಲಿ ಕರಗುವುದೇ ಇಲ್ಲ.