ಭೂಕಂಪದ ಕ್ಯಾಂಪಲ್ಲಿ ಇಂಟರ್ನ್‌ಗಳಿಗೆ ಏನ್ ಕೆಲಸ ಅಂತ ಕೇಳೋರಿಗೆ

ಭೂಕಂಪ ಅಂದ್ರೆ ಮುರಿದ ಕಾಲು, ಆಪರೇಷನ್ನು ಅಂದ್ಕೊಂಡು ಹೊರಡೋರಿಗೆ ಮೊದಲೇ ಹೇಳ್ಬಿಡ್ತೀನಿ, ನಾವು ನೇಪಾಳ ಮುಟ್ಟೋ ಹೊತ್ತಿಗೆ ಅದೆಲ್ಲ ಮುಗಿದಿತ್ತು. 2015ರ ಏಪ್ರಿಲ್ 25ಕ್ಕೆ 7.8 ತೀವ್ರತೆಯ ಭೂಕಂಪ, ಮೇ 12ಕ್ಕೆ ಮತ್ತೆ 7.3ರದ್ದು, ನಾವು ಹೋಗಿದ್ದು ಜೂನಲ್ಲಿ, ಮಳೆ ಹಿಡಿಯೋ ಟೈಮಿಗೆ. ಆಗ ನಾನು ಬೆಂಗಳೂರಲ್ಲಿ ಡಾಕ್ಟರ್ ಓದಿನ ಕೊನೇ ಹಂತದ ಇಂಟರ್ನ್‌ಶಿಪ್ ಮಾಡ್ತಿದ್ದೆ, ನಮ್ ಬ್ಯಾಚಲ್ಲಿ ಒಬ್ಬ ನೇಪಾಳಿ ಹುಡುಗ ಇದ್ದ, ಅವನಿಲ್ದೆ ಹೋಗಿದ್ರೆ ಭಾಷೆನೂ ಬರದೆ, ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಾಗದೆ ಸುಮ್ನೆ ಅಲ್ಲಿಯವರಿಗೆ ಭಾರ ಆಗ್ತಿದ್ವಿ ಅಷ್ಟೆ.

ಅವನು ಮೊದಲು ಮಾಡಿದ್ದು ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆ ಕಡೆಯ ಒಂದು ಹೆಲ್ತ್ ಪೋಸ್ಟಿಗೆ, ಅಂದ್ರೆ ಹಳ್ಳಿ ಮಟ್ಟದ ಸಣ್ಣ ಆರೋಗ್ಯ ಕೇಂದ್ರಕ್ಕೆ, ಫೋನ್ ಮಾಡಿ ಏನ್ ಬೇಕು ಅಂತ ಕೇಳಿದ್ದು. ಇಲ್ಲಿ ಬೆಂಗಳೂರಲ್ಲಿ ಔಷಧಿ ಕೊಡಿ ಅಂದ್ರೆ ಅಪಾರ್ಟ್‌ಮೆಂಟ್‌ಗಳಿಂದ ಬಂದಿದ್ದು ಅರ್ಧ ಖಾಲಿಯಾದ ಸ್ಟ್ರಿಪ್ಪುಗಳು, ಕೆಮ್ಮಿನ ಸಿರಪ್ಪು, ಎಕ್ಸ್‌ಪೈರಿಗೆ ಬಂದ ವಿಟಮಿನ್ನು. ಎಕ್ಸ್‌ಪೈರಿಗೆ ಕನಿಷ್ಠ ಒಂದು ವರ್ಷ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಹೇಳತ್ತೆ, ಅದನ್ನ ತೋರಿಸಿ ಎಲ್ಲ ವಾಪಸ್ ಕೊಟ್ಟು ದುಡ್ಡೇ ಕೊಡಿ ಅಂದ್ವಿ, ಕೆಲವರಿಗೆ ಸಿಟ್ಟೂ ಬಂತು. ಆ ದುಡ್ಡಲ್ಲಿ ತಗೊಂಡಿದ್ದು ಭೇದಿಗೆ ಓಆರ್‌ಎಸ್, ಜಿಂಕ್, ಕಜ್ಜಿಗೆ ಪರ್ಮೆಥ್ರಿನ್, ಗಾಯಕ್ಕೆ ಗಾಜ್ ಬಟ್ಟೆ, ಬೆಟಾಡಿನ್, ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್. ಯಶವಂತಪುರದಿಂದ ಗೋರಖ್‌ಪುರ ಟ್ರೇನು, ಅಲ್ಲಿಂದ ಸೋನೌಲಿ ಬಾರ್ಡರು. ನಮಗೆ ವೀಸಾ ಬೇಡ, ಆದ್ರೆ ಬಾಕ್ಸುಗಳಿಗೆ ಲಿಸ್ಟು, ಲೆಟರು ಪಕ್ಕಾ ಇರ್ಬೇಕು.

ಇನ್ನೊಂದು, ನಮ್ ಕೈಲಿದ್ದಿದ್ದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪ್ರಾವಿಷನಲ್ ರಿಜಿಸ್ಟ್ರೇಷನ್, ಅಂದ್ರೆ ಇಂಟರ್ನ್‌ಗಳಿಗೆ ಕೊಡೋ ತಾತ್ಕಾಲಿಕ ನೋಂದಣಿ, ಅದು ಗಡಿ ದಾಟಿದ್ಮೇಲೆ ನಡೆಯಲ್ಲ. ಅಲ್ಲಿನ ಡಾಕ್ಟರ್ ಹೇಳಿದ್ದಷ್ಟೇ ಮಾಡ್ತಿದ್ವಿ. ಇಲ್ಲಿ ಸೀನಿಯರ್ ಬಿಡದ ಪ್ರೊಸೀಜರನ್ನ ಅಲ್ಲಿ ಬಡವರ ಮೇಲೆ ಕಲಿತೀನಿ ಅನ್ನೋರು ದಯವಿಟ್ಟು ಹೋಗ್ಬೇಡಿ.

ಕಟ್ಟಡ ಬಿರುಕು ಬಿಟ್ಟಿದ್ರಿಂದ ಟಾರ್ಪಾಲ್ ಕೆಳಗೇ ಓಪಿಡಿ (ಹೊರರೋಗಿಗಳನ್ನ ನೋಡೋ ಜಾಗ). ಬರ್ತಿದ್ದಿದ್ದು ಕಜ್ಜಿ, ಭೇದಿ, ಕೀವಾದ ಹಳೇ ಗಾಯ, ಮನೆ ಬಿದ್ದಾಗ ಮಾತ್ರೆನೂ ಮಣ್ಣಾಗಿ ವಾರಗಟ್ಟಲೆ ಬಿಪಿ ಮಾತ್ರೆನೇ ತಗೊಳ್ದೆ ಇದ್ದ ವಯಸ್ಸಾದವರು, ನಿದ್ದೆ ಬರಲ್ಲ ಎದೆ ಡವಡವ ಅನ್ನತ್ತೆ ಅನ್ನೋ ಹೆಂಗಸರು. ಇವರಿಗೆ ಇಸಿಜಿಗಿಂತ ಪಕ್ಕದಲ್ಲಿ ಕೂತು ಕೇಳೋರು ಬೇಕಿತ್ತು, ನಮ್ ಹುಡುಗ ಕೇಳಿಸ್ಕೊಳ್ತಿದ್ದ, ನಾನು ಬಿಪಿ ನೋಡ್ತಾ, ಡ್ರೆಸಿಂಗ್ ಮಾಡ್ತಾ, ರಿಜಿಸ್ಟರ್ ಬರೀತಾ ಇದ್ದೆ. ನಿಜವಾಗ್ಲೂ ಕ್ಯಾಂಪ್ ನಡೆಸಿದ್ದು ಅಲ್ಲಿಯ ಮಹಿಳಾ ಆರೋಗ್ಯ ಸ್ವಯಂಸೇವಕಿಯರು, ನಮ್ ಆಶಾ ಕಾರ್ಯಕರ್ತೆಯರ ತರ, ಯಾವ ಮನೇಲಿ ಬಸುರಿ ಇದಾಳೆ, ಯಾರು ಗುಡ್ಡ ಇಳಿದು ಬರೋಕಾಗಲ್ಲ ಎಲ್ಲ ಬಾಯಲ್ಲೇ ಇತ್ತು. "ದಿದಿ (ಅಕ್ಕ), ಇವತ್ತು ಯಾವ ಕಡೆ?" ಅಂತ ಕೇಳಿ ಬ್ಯಾಗ್ ಹೊತ್ಕೊಂಡು ಅವರ ಹಿಂದೆ ನಡೆಯೋದು, ಉಸಿರು ಕಟ್ಟೋದು ನಮಗೇ.

ಹೊರಡೋವಾಗ ಉಳಿದ ಮಾತ್ರೆ, ಬಿಪಿ ಮೆಷಿನ್ನು, ರಿಜಿಸ್ಟರು ಎಲ್ಲ ಹೆಲ್ತ್ ಪೋಸ್ಟಿಗೇ ಕೊಟ್ವಿ. ರಿಜಿಸ್ಟರ್ ಮಾತ್ರ ಮರೀಬೇಡಿ, ಯಾರಿಗೆ ಯಾವ ಡೋಸ್ ಶುರು ಮಾಡಿದೀವಿ ಅಂತ ಗೊತ್ತಿಲ್ದೆ ಮುಂದಿನ ತಿಂಗಳು ಅವರು ಏನ್ ಕೊಡ್ಬೇಕು? ಮತ್ತೆ ರಜೆ ವಿಷಯ, ಕಾಲೇಜಿಂದ ಪರ್ಮಿಷನ್ ಬರಹದಲ್ಲೇ ತಗೊಳ್ಳಿ, ರಜೆ ಜಾಸ್ತಿ ಆದ್ರೆ ಇಂಟರ್ನ್‌ಶಿಪ್ ಅಷ್ಟು ದಿನ ಮುಂದಕ್ಕೆ ಹೋಗತ್ತೆ, ನಂದೂ ಹೋಯ್ತು.